ಗೇಟು ಹಿಡಿದು ನಿಂತ ವರ

ಗೊಬ್ಬೂರಿನಲ್ಲಿ ಟ್ರ್ಯಾಕ್ಟರ್ ಇರುವ ಮನೆಗಳಿಗೆಲ್ಲ ಗೇಟು ಇದೆ. ಎಲ್ಲವೂ ಎರಡು ಕದದವು. ನಮ್ಮ ಮನೆಯದು ಮಾತ್ರ ಒಂದೇ ಕದದ್ದು. ಇದು ಬುದ್ಧಿ ಕಡಿಮೆಯಾಗಿ ಆದದ್ದಲ್ಲ. ಮನೆಯ ಹಿರಿಯರೆಲ್ಲ ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ಪೂರಾ ವಿಚಾರ ಮಾಡಿ ಆದದ್ದು. ನನಗೆ ಸಿಟ್ಟು ಬರುವುದೇ ಅದಕ್ಕೆ.

ಮೊದಲು ಎರಡು ಕದದ್ದನ್ನೇ ಮಾಡಿಸಬೇಕೆಂದಿತ್ತು. ಅಫಜಲಪುರದ ವೆಲ್ಡಿಂಗ್ ಅಂಗಡಿಯವ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಕ್ಷೆಯನ್ನೂ ಬರೆದಿದ್ದ. ಆಗ ನಮ್ಮ ಆಯಿ, ಅಂದರೆ ಅಪ್ಪನ ತಾಯಿ ನಿಂಬೆವ್ವ, ಕದ ಎರಡಾದರೆ ಮನೆ ಎರಡಾಗುತ್ತದೆ ಎಂದಳು. ಅವಳ ಬಳಿ ಪುರಾವೆಯೂ ಇತ್ತು. ನಮ್ಮ ಓಣಿಯಲ್ಲಿ ಎರಡು ಕದದ ಗೇಟು ಇಟ್ಟ ಮನೆಗಳಲ್ಲೆಲ್ಲ ಅಣ್ಣತಮ್ಮಂದಿರು ಬೇರೆಯಾಗಿದ್ದಾರೆ. ಗೇಟೇ ಇಲ್ಲದ ಮನೆಗಳಲ್ಲೂ ಬೇರೆಯಾಗಿದ್ದಾರೆ, ಆದರೆ ಅದನ್ನು ಆಯಿ ಲೆಕ್ಕಕ್ಕೆ ಹಿಡಿಯಲಿಲ್ಲ.

ನಮ್ಮದು ಕೂಡಿದ ಮನೆ. ಅಪ್ಪ ದೌಲತರಾಯ, ಕಾಕಾ ಬಸವಂತರಾಯ, ಒಂದೇ ಒಲೆ. ಹೋದ ಸಲ ತೊಗರಿ ರಾಶಿ ಮಾಡುವಾಗ ಜಗಳವಾದಾಗಿನಿಂದ ಅಣ್ಣತಮ್ಮ ಒಬ್ಬರಿಗೊಬ್ಬರು ಮಾತಾಡುವುದಿಲ್ಲ, ಅಷ್ಟೇ. ಏನಿದ್ದರೂ ನನ್ನ ಮೂಲಕ. ಕಾಕಾ ಎದುರಿಗೇ ಕೂತಿರುತ್ತಾನೆ. ಅಪ್ಪ ನನ್ನ ಕಡೆ ತಿರುಗಿ ‘ಅವಂಗ ಹೇಳು, ಬೋರಿನ ಮೋಟರ್ ಬಂದ್ ಮಾಡು ಅಂತ’ ಎನ್ನುತ್ತಾನೆ. ನಾನು ಕಾಕಾನ ಕಡೆ ತಿರುಗಿ ಹೇಳುತ್ತೇನೆ. ಕಾಕಾ ನನಗೆ ಉತ್ತರ ಕೊಡುತ್ತಾನೆ, ನಾನು ಅಪ್ಪನಿಗೆ ಮುಟ್ಟಿಸುತ್ತೇನೆ. ಆದರೂ ಮನೆ ಒಡೆದಿಲ್ಲ ಎಂದು ಸುತ್ತಮುತ್ತ ಹೆಸರಿದೆ. ಆ ಹೆಸರನ್ನು ಕಬ್ಬಿಣದಲ್ಲಿ ಮಾಡಿಸಿ ರಸ್ತೆಗೆ ನಿಲ್ಲಿಸಬೇಕೆಂಬುದು ಇಬ್ಬರಿಗೂ ಒಪ್ಪಿಗೆಯಾದ ಒಂದೇ ಮಾತು.

ಹೀಗೆ ಟ್ರ್ಯಾಕ್ಟರ್ ಮತ್ತು ಅದರ ಪಕ್ಕ ಒಬ್ಬ ಮನುಷ್ಯ ಹಾಯುವಷ್ಟು ಅಗಲದ ಒಂದೇ ಕದ ತಯಾರಾಯಿತು. ದಪ್ಪ ತಗಡು, ಅದಕ್ಕಿಂತ ದಪ್ಪ ಚೌಕಟ್ಟು. ಕದ ತಿರುಗುವ ಬಿಜಾಗರಿಯ ಕಡೆ ಬೇವಿನ ಮರದ ನೆರಳು ಬಿದ್ದು ಹೆಸರು ಕಾಣುವುದಿಲ್ಲವೆಂದು ಕಾಕಾ, ತೆರೆಯುವ ತುದಿಗೆ ಅಜ್ಜನ ಹೆಸರಿನ ‘ಕಲ್ಲಿನಾಥ ನಿಲಯ’ ಎಂಬ ಅಕ್ಷರಗಳನ್ನು ಕಬ್ಬಿಣದಲ್ಲೇ ಕೊಯ್ಯಿಸಿ ಹಚ್ಚಿಸಿದ. ಅಕ್ಷರಗಳ ಆಚೆ ಈಚೆ ಒಂದೊಂದು ಕಬ್ಬಿಣದ ಬಸವಣ್ಣ. ಇಷ್ಟನ್ನೂ ಇಟ್ಟಂಗಿಯ ಒಂದು ಕಂಬಕ್ಕೆ ಎರಡು ಬಿಜಾಗರಿಯ ಮೇಲೆ ತೂಗಹಾಕಿದರು.

ವಾರ ತುಂಬುವುದರೊಳಗೆ ತೆರೆಯುವ ತುದಿ ನೆಲಕ್ಕೆ ಜೋಲಿತು. ಮೇಲಿನ ಬಿಜಾಗರಿ ಕಂಬವನ್ನು ತನ್ನ ಕಡೆ ಎಳೆಯಿತು, ಕೆಳಗಿನದು ಅದೇ ಕಂಬವನ್ನು ಹಿಂದಕ್ಕೆ ಒತ್ತಿತು. ನಡುವೆ ಸಿಕ್ಕ ಕಂಬ ಬಿರಿಯಿತು. ಯಾಕೆ ಹೀಗೆ ಎಂದು ನನಗೆ ಗೊತ್ತಾಗಲಿಲ್ಲ. ನಾನು ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟವನು. ಕಾಕಾ ಬಿ.ಎ. ಓದಿದವನು. ಅವನಿಗೂ ಗೊತ್ತಾಗಲಿಲ್ಲ, ಆದರೆ ಅವನು ಇಟ್ಟಂಗಿ ಭಟ್ಟಿಯವನನ್ನು ಬೈದ. ಕೊನೆಗೆ ಗೇಟು ಮುಚ್ಚಿ, ತುದಿಯ ಕೆಳಗೆ ಎರಡು ಕಲ್ಲು ತುರುಕಿ, ಎಲ್ಲರೂ ಪಕ್ಕದ ಸಂದಿಯಿಂದ ಓಡಾಡತೊಡಗಿದೆವು. ಊರಿಗೇ ದೊಡ್ಡ ಗೇಟು, ಮನೆಯವರು ಮಾತ್ರ ಸಂದಿಯಲ್ಲಿ ಓರೆಯಾಗಿ ನುಗ್ಗುತ್ತಿದ್ದೆವು.

ಇದೇ ಹೊತ್ತಿಗೆ ಯಡ್ರಾಮಿಯ ಹೆಣ್ಣಿನ ಕಡೆಯವರು ಮನೆ ನೋಡಲು ಬರುತ್ತೇವೆಂದು ಹೇಳಿಕಳಿಸಿದರು.

ಹುಡುಗಿಯ ಹೆಸರು ಬಸವೇಶ್ವರಿ. ಬಿ.ಎಸ್ಸಿ. ಮಾಡಿದ್ದಾಳೆ. ನಾವು ಅವಳನ್ನು ನೋಡಲು ಹೋದಾಗ, ಹಿರಿಯರು ಮಳೆ ಬೆಳೆ ಮಾತಾಡುತ್ತಿದ್ದ ಸಂದಿನಲ್ಲಿ, ಅವಳು ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿದಳು: ಟಂಟಂ ಓಡಿಸಿ ಓಡಿಸಿ ಕೈ ನೋಯುವುದಿಲ್ಲವೇನು ಎಂದು. ನಾನು ಗೊಬ್ಬೂರಿನಿಂದ ಅಫಜಲಪುರಕ್ಕೆ ಮೂರು ಗಾಲಿಯ ಟಂಟಂ ಆಟೋ ಓಡಿಸುತ್ತೇನೆ. ಕುರಿ, ಮಂದಿ, ಯೂರಿಯಾ ಚೀಲ, ಎಲ್ಲ ಹೊತ್ತಿದ್ದೇನೆ. ನನ್ನ ಕೈಯ ಬಗ್ಗೆ ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಮದುವೆಯಾದರೆ ಇವಳನ್ನೇ ಎಂದು ನಾನು ಆಗಲೇ ಗಟ್ಟಿ ಮಾಡಿದ್ದೆ. ಅವರ ಕಡೆಯವರು ಬಂದು ಮನೆ ನೋಡಿ ಹೂಂ ಅನ್ನುವುದಷ್ಟೇ ಬಾಕಿ.

ಅವರು ಬರುವ ಸೋಮವಾರ ಬೆಳಿಗ್ಗೆ ಅಪ್ಪ ಕಲ್ಲುಗಳನ್ನು ಹಿತ್ತಲಿಗೆ ಹೊರಿಸಿದ. ಕಲ್ಲಿಲ್ಲದೆ ಗೇಟು ನಿಲ್ಲುವುದಿಲ್ಲ ಎಂದೆ.

“ಬೀಗರು ಬಂದಾಗ ಗೇಟಿಗಿ ಕಲ್ಲು ಆನಿಸಿ ನಿಂದ್ರಸ್ತಿಯೇನು? ಇಜ್ಜತ್ ಹೋಗತದ. ನೀ ಹಿಡಕೊಂಡು ನಿಂದ್ರು. ಮನಿ ಮಗ ಗೇಟಿನ ಬಲ್ಲಿ ನಿಂತ್ರ ಸ್ವಾಗತಕ್ಕ ನಿಂತಂಗ ಕಾಣತದ.”

ಕಾರು ಒಳಗೆ ಬಂದ ಕೂಡಲೇ ಗೇಟು ಮುಚ್ಚಿ, ಕಲ್ಲು ಇಟ್ಟು, ಕೈ ತೊಳೆದು ಒಳಗೆ ಬರಬೇಕು. ಇದು ಅಪ್ಪನ ಯೋಜನೆ. ಕಾಗದದ ಮೇಲೆ ಬರೆದಿದ್ದರೆ ಚೆನ್ನಾಗಿಯೇ ಕಾಣುತ್ತಿತ್ತು.

ಕಾರು ಬಂತು. ನಾನು ಗೇಟಿನ ತುದಿಯ ಅಡ್ಡಪಟ್ಟಿಗೆ ಹೆಗಲು ಕೊಟ್ಟು ಎತ್ತಿ ಓಣಿಯ ಕಡೆ ತೆರೆದೆ. ಗೇಟು ಹೊರಗೇ ತೆರೆಯಬೇಕು, ಒಳಗೆ ಟ್ರ್ಯಾಕ್ಟರ್ ನಿಂತಿರುತ್ತದೆ. ಕಾರು ಅಂಗಳಕ್ಕೆ ಬಂದು ಆ ಟ್ರ್ಯಾಕ್ಟರಿಗೆ ಮುಖ ಕೊಟ್ಟು ನಿಂತಿತು. ಅದರ ಹಿಂಭಾಗ ಮಾತ್ರ ಒಳಗೆ ಬರಲಿಲ್ಲ, ಎರಡು ಮೊಳದಷ್ಟು ಓಣಿಯಲ್ಲೇ ಉಳಿಯಿತು. ಗೇಟು ಮುಚ್ಚುವಂತಿಲ್ಲ. ಡ್ರೈವರ್ ಕೀಲಿಕೈ ಕಿಸೆಗೆ ಹಾಕಿಕೊಂಡು, ಊರಾಚೆ ತಂಗಿಯ ಮನೆ ಇದೆ, ಮಾತಾಡಿಸಿ ಬರ್ತೇನಿ ಎಂದು ನನಗೇ ಹೇಳಿ ಹೋದ. ನಾನು ಹೂಂ ಎಂದೆ. ಬೇರೆ ಏನು ಹೇಳಬೇಕಿತ್ತೋ ಈಗ ನೂರು ಹೊಳೆಯುತ್ತವೆ.

ಅಂದರೆ ಸ್ಥಿತಿ ಹೀಗಿತ್ತು: ಗೇಟು ಓಣಿಗೆ ಅಡ್ಡ ಗೋಡೆಯಂತೆ ನಿಂತಿದೆ. ಅದರ ತುದಿ ಎದುರುಮನೆ ಜೀನತಬಿಯ ಕಟ್ಟೆಯವರೆಗೆ ಬಂದಿದೆ. ಆ ತುದಿಯ ಕೆಳಗೆ ನನ್ನ ಹೆಗಲಿದೆ. ಹೆಗಲು ತೆಗೆದರೆ ಕಂಬ ಕಿತ್ತು ಬರುತ್ತದೆ.

ಕಾರಿನಿಂದ ಹುಡುಗಿಯ ತಾಯಿ ಸುಮಿತ್ರಾಬಾಯಿ, ಸೋದರಮಾವ ಶ್ರೀಮಂತ ಮಾಸ್ತರು ಇಳಿದರು. ತಂದೆಯಿಲ್ಲದ ಮನೆ, ಆ ಮಾಸ್ತರೇ ಹಿರಿಯರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ಮೊನ್ನೆ ಮೊನ್ನೆ ನಿವೃತ್ತರಾದವರು. ಬಗ್ಗಿ ಕಾಲು ಮುಟ್ಟಬೇಕಾದದ್ದು ನನ್ನ ಧರ್ಮ. ನಾನು ಗದ್ದವನ್ನು ಸ್ವಲ್ಪ ಕೆಳಗಿಳಿಸಿದೆ. ಅಷ್ಟಕ್ಕೇ ಗೇಟು ಕಿರ್ರೆಂದಿತು. ಸುಮಿತ್ರಾಬಾಯಿ ನನ್ನ ಗದ್ದವನ್ನು ನೋಡಿದರು, ಅಣ್ಣನನ್ನು ನೋಡಿದರು, ಸೆರಗು ಸರಿಮಾಡಿಕೊಂಡು ಒಳಗೆ ಹೋದರು.

ಪಡಸಾಲೆಯ ಕಿಟಕಿ ಓಣಿಗೇ ಇದೆ. ಒಳಗಿನ ಮಾತೆಲ್ಲ ನನಗೆ ಕೇಳುತ್ತಿತ್ತು, ಕೇಳಿಸದಿದ್ದರೆ ಒಳ್ಳೆಯದಿತ್ತು. ಹುಡುಗ ಎಲ್ಲಿ, ಯಾಕೆ ಒಳಗೆ ಬರಲಿಲ್ಲ ಎಂದು ಸುಮಿತ್ರಾಬಾಯಿ ಕೇಳಿದರು. ಅಪ್ಪ, ಅವನಿಗೆ ಮೊದಲಿಂದ ಒಂದು ಸ್ವಭಾವವಿದೆ, ಬಂದವರ ಡ್ರೈವರ್ ಊಟಕ್ಕೆ ಬರುವವರೆಗೂ ತಾನು ಒಳಗೆ ಬರುವುದಿಲ್ಲ ಎಂದ. ಅಪ್ಪ ಹೇಳಿದ್ದನ್ನು ಕಾಕಾ ಕೇಳಿಸಿಕೊಳ್ಳುವುದಿಲ್ಲವಲ್ಲ, ಅವನು ಅದೇ ಉಸಿರಿನಲ್ಲಿ, ಹುಡುಗನದು ಸೋಮವಾರದ ವ್ರತ, ಮಧ್ಯಾಹ್ನದವರೆಗೆ ಕೂಡುವುದಿಲ್ಲ, ನಿಂತೇ ಇರುತ್ತಾನೆ ಎಂದ. ಅಡುಗೆಮನೆಯಿಂದ ಆಯಿ, ಹೆಣ್ಣುಮಕ್ಕಳೆಂದರೆ ನಮ್ಮ ಅಮರನಿಗೆ ಬಹಳ ನಾಚಿಕೆ ಎಂದು ನನ್ನ ಹೆಸರು ಹಿಡಿದು ಕೂಗಿ ಹೇಳಿದಳು.

ಸುಮಿತ್ರಾಬಾಯಿ ಮೂರನ್ನೂ ಕೂಡಿಸಿ ಕೇಳಿದರು.

“ಮೂರೂ ಒಮ್ಮೆಗೇ ಬಂದಾವೇನ್ರಿ? ನಾಚಗೊಳ್ಳಾವ ನಡು ಓಣ್ಯಾಗ ಯಾಕ ನಿಂತಾನ?”

ಹೊರಗೆ ಜೀನತಬಿ ತನ್ನ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಬಳೆ ಮಾರಿ ಮಾರಿ ತಾಲೂಕಿನ ಎಲ್ಲ ಮನೆಗಳ ಒಳಗನ್ನು ನೋಡಿದ ಮುದುಕಿ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಇದ್ಯಾವ ಪಹರೆಯೋ ಬೇಟಾ, ನಿಮ್ಮಪ್ಪ ನಿನ್ನನ್ನೂ ಗೇಟಿಗೇ ವೆಲ್ಡಿಂಗ್ ಮಾಡಿಸಿದನೇನು ಎಂದಳು. ಆಮೇಲೆ ಮರುಕ ಬಂದು ಗೇಟಿನ ಕೆಳಗೆ ಇಡು ಎಂದು ಒಂದು ಸ್ಟೂಲು ತಂದಳು. ಅದು ಸರಿಯಾದ ಎತ್ತರದ್ದೇ ಇತ್ತು. ಕಿಟಕಿಯಿಂದ ಅಪ್ಪನ ಕಣ್ಣು ಕಾಣಿಸಿತು. ಬೇಡ ಎಂದೆ. ಆ ಸ್ಟೂಲಿನ ಮೇಲೆ ಜೀನತಬಿ ತಾನೇ ಕೂತು ನನ್ನನ್ನು ಹತ್ತಿರದಿಂದ ನೋಡತೊಡಗಿದಳು.

ಒಳಗೆ ಚಹಾ ಆಯಿತು. ನನಗೆ ಯಾರೂ ತರಲಿಲ್ಲ. ತಂದರೆ ಗೇಟಿನ ಗುಟ್ಟು ಬಯಲಾಗುತ್ತದೆ. ಜೀನತಬಿಯೇ ಬಸಿಯಲ್ಲಿ ಚಹಾ ಸುರಿದು, ಊದಿ, ನನ್ನ ಬಾಯಿಗೆ ಹಿಡಿದಳು. ನನ್ನ ಎರಡೂ ಕೈ ಮೇಲೆ ಇದ್ದವು. ಕುಡಿದೆ. ಸರಿಯಾಗಿ ಆಗಲೇ ಸುಮಿತ್ರಾಬಾಯಿ ಕಿಟಕಿಗೆ ಬಂದರು. ಅವರಿಗೆ ಕಂಡದ್ದಿಷ್ಟು: ಗೂಳಿಯಂಥ ಹುಡುಗ ಗೇಟಿಗೆ ಆತುಕೊಂಡು ನಿಂತಿದ್ದಾನೆ, ವಯಸ್ಸಾದ ಹೆಂಗಸು ಅವನಿಗೆ ಕೂಸಿಗೆ ಕುಡಿಸಿದಂತೆ ಚಹಾ ಕುಡಿಸುತ್ತಿದ್ದಾಳೆ.

“ಕಪ್ಪು ಹಿಡಿಯಾಕೂ ಮೈ ಬಗ್ಗಂಗಿಲ್ಲೇನು ಇವಂಗ? ನನ್ನ ಮಗಳು ಇವನ ಬಾಯಿಗಿ ಬಸಿ ಹಿಡೀಬೇಕೇನು?”

ಇಡೀ ತಾಲೂಕಿನಲ್ಲಿ ಆ ಗಳಿಗೆಯಲ್ಲಿ ನನ್ನಷ್ಟು ದುಡಿಯುತ್ತಿದ್ದವ ಇನ್ನೊಬ್ಬನಿರಲಿಲ್ಲ. ನನಗೆ ಬಂದ ಹೆಸರು ಮೈಗಳ್ಳ.

ಅಷ್ಟರಲ್ಲಿ ಓಣಿಯ ಸಂಚಾರ ನಿಂತಿತ್ತು. ಕುರಿಗಳು ಬಂದವು, ಗೇಟಿನ ಕೆಳಗೆ ನುಗ್ಗಿ ಹೋದವು. ಅವುಗಳ ಹಿಂದೆ ಪಂಚಾಯ್ತಿಯ ಬಿಲ್ ಕಲೆಕ್ಟರ್ ದತ್ತಪ್ಪ ಮೋಟರ್ ಸೈಕಲ್ ಮೇಲೆ ಬಂದ. ಅವನಿಗೆ ಕೆಳಗೆ ನುಗ್ಗಲು ಆಗಲಿಲ್ಲ. ಇದು ಸರಕಾರದ ದಾರಿ, ಇಲ್ಲಿ ಯಾವಾಗ ಟೋಲ್ ಹಾಕಿದೆ, ಠರಾವು ಎಲ್ಲಿದೆ ಎಂದು ಕೇಳಿದ. ದಾರಿ ಬಿಡು ಎಂದ. ಬಿಡಲಾಗುವುದಿಲ್ಲ ಅಣ್ಣಾ ಎಂದೆ. ಯಾಕೆ ಎಂದ. ಹೇಳುವಂತಿರಲಿಲ್ಲ, ಕಿಟಕಿಯಲ್ಲಿ ಮತ್ತೆ ಅಪ್ಪನ ಕಣ್ಣು. ನಾನು ಇಲ್ಲಿಂದ ಕದಲುವುದಿಲ್ಲ, ನೀನು ಸುತ್ತು ಹಾಕಿ ಹೋಗು ಎಂದೆ. ಸಿಟ್ಟಿನಲ್ಲಿದ್ದೆ, ದನಿ ಸ್ವಲ್ಪ ದೊಡ್ಡದಾಗಿಯೇ ಬಂತು.

ದತ್ತಪ್ಪ ಸರಕಾರದ ಮನುಷ್ಯ, ಸುತ್ತು ಹಾಕುವುದು ಅವನ ರಕ್ತದಲ್ಲಿಲ್ಲ. ಗಾಡಿ ಅಲ್ಲೇ ನಿಲ್ಲಿಸಿ, ಕಾರಿನ ಪಕ್ಕದಿಂದ ನಮ್ಮ ಅಂಗಳ ಹಾಯ್ದು, ನೆಟ್ಟಗೆ ಪಡಸಾಲೆಗೆ ಹೋಗಿ, ಹುಡುಗ ನಾನು ಇಲ್ಲಿಂದ ಕದಲುವುದಿಲ್ಲ ಎನ್ನುತ್ತಿದ್ದಾನೆ, ಅವನ ಹಟ ಏನೆಂದು ಮೊದಲು ಇತ್ಯರ್ಥ ಮಾಡಿರಿ ಎಂದು ಬೀಗರ ಮುಂದೆ ಅಪ್ಪನಿಗೆ ತಾಕೀತು ಮಾಡಿದ.

ಸುಮಿತ್ರಾಬಾಯಿಗೆ ಬೇಕಾದ ಎಲ್ಲ ಉತ್ತರ ಒಮ್ಮೆಗೇ ಸಿಕ್ಕವು. ಹುಡುಗನಿಗೆ ಈ ಸಂಬಂಧ ಮನಸ್ಸಿಲ್ಲ. ಮನೆಯವರು ಬಲವಂತದಿಂದ ಒಪ್ಪಿಸಿದ್ದಾರೆ. ಅದಕ್ಕೇ ಅವನು ಹೊಸ್ತಿಲು ದಾಟಲೊಲ್ಲ, ಕಾಲು ಮುಟ್ಟಲೊಲ್ಲ. ಅವರ ಮುಂದೆ ಹೋಳಿಗೆಯ ತಾಟು ಇತ್ತು. ನಮ್ಮ ಕಡೆ ಮನೆ ನೋಡಲು ಬಂದವರು ಹೋಳಿಗೆ ಉಂಡರೆ ಸಂಬಂಧ ಒಪ್ಪಿದಂತೆ. ಬರೀ ಚಹಾ ಕುಡಿದು ಎದ್ದರೆ ಮುಗಿದಂತೆ, ಬಾಯಿಬಿಟ್ಟು ಹೇಳುವ ಅಗತ್ಯವೇ ಇಲ್ಲ. ಸುಮಿತ್ರಾಬಾಯಿ ತಾಟನ್ನು ಬೆರಳಿನಿಂದ ಮುಂದಕ್ಕೆ ಸರಿಸಿದ ಸಪ್ಪಳ ಕಿಟಕಿಯಿಂದ ನನಗೆ ಕೇಳಿಸಿತು. ಗೇಟು ಅದಕ್ಕಿಂತ ಮುಂಚೆ ಅಷ್ಟು ಭಾರ ಇರಲಿಲ್ಲ.

ಆಗ ಮಾಸ್ತರ ಫೋನು ಬಡಿಯಿತು. ಬಸವೇಶ್ವರಿ, ವಿಡಿಯೋ ಕಾಲ್. ಮನೆ ಹೇಗಿದೆ ತೋರಿಸಿರಿ ಮಾಮಾ ಎಂದಿರಬೇಕು. ಮಾಸ್ತರು ಎದ್ದು ಹೊರಗೆ ಬಂದು, ಮನೆ ಬಿಡು, ಮೊದಲು ಇವನನ್ನು ನೋಡು, ಹೇಗೆ ನಿಂತಿದ್ದಾನೆ ಎಂದು ಫೋನನ್ನು ನನ್ನ ಕಡೆ ತಿರುಗಿಸಿದರು. ಸಣ್ಣ ಚೌಕದಲ್ಲಿ ಅವಳ ಮುಖ ಕಾಣಿಸಿತು. ನಾನು ನೆಟ್ಟಗೆ ನಿಲ್ಲಲು ನೋಡಿದೆ, ಆಗಲಿಲ್ಲ.

“ಮಾಮಾ, ಜರಾ ಆ ಕಂಬದ ಕಡಿ ತಿರುಗಸ್ರಿ,” ಎಂದಳು. ಮಾಸ್ತರು ತಿರುಗಿಸಿದರು. ಅವಳು ಬಿರುಕನ್ನು ನೋಡಿದಳು. “ಅವರು ಸುಮ್ನ ನಿಂತಿಲ್ಲ ಮಾಮಾ. ಗೇಟ್ ಎತ್ತಿ ಹಿಡದಾರ. ಬಿಟ್ರ ಅದು ಬೀಳತದ.”

ಮಾಸ್ತರು ಕಂಬವನ್ನು ನೋಡಿದರು, ಬಿಜಾಗರಿಯನ್ನು ನೋಡಿದರು, ಗೇಟಿನ ಉದ್ದಕ್ಕೂ ಕಣ್ಣು ಹಾಯಿಸಿ ಕೊನೆಗೆ ನನ್ನನ್ನು ನೋಡಿದರು. ಅವರ ಮುಖ ಅರಳಿತು. ನನ್ನ ಕಷ್ಟ ಕಂಡು ಅರಳಿದ್ದಲ್ಲ. ನಿವೃತ್ತಿಯಾದ ಮೇಲೆ ಅವರ ಪಾಠ ಕೇಳುವವರು ಒಬ್ಬರೂ ಸಿಕ್ಕಿರಲಿಲ್ಲ. ಈಗ ಎದುರಿಗೆ ಓಡಿಹೋಗಲಾರದ ವಿದ್ಯಾರ್ಥಿ ನಿಂತಿದ್ದ.

ಕೈ ಎರಡೂ ಬೇಕೆಂದು ಫೋನನ್ನು ಅಂಗಿಯ ಕಿಸೆಗೆ ಹಾಕಿಕೊಂಡರು. ಗೇಟಿನ ಧೂಳಿನ ಮೇಲೆ ಬೆರಳಿನಿಂದ ಗೆರೆ ಎಳೆದರು. ತೂಕ ಒಂದನ್ನೇ ನೋಡಬಾರದು, ಬಿಜಾಗರಿಯಿಂದ ಎಷ್ಟು ದೂರ ಅನ್ನುವುದನ್ನೂ ಅದಕ್ಕೆ ಗುಣಿಸಬೇಕು, ಆ ಗುಣಾಕಾರಕ್ಕೆ ಟಾರ್ಕ್ ಅನ್ನುತ್ತಾರೆ ಎಂದರು. ಕದ ಅಗಲವಾದಷ್ಟೂ ತೂಕವೂ ಹೆಚ್ಚುತ್ತದೆ, ದೂರವೂ ಹೆಚ್ಚುತ್ತದೆ. ಎರಡೂ ಕೂಡಿ ಮೇಲಿನ ಬಿಜಾಗರಿಯನ್ನು ಹಲ್ಲು ಕಿತ್ತಂತೆ ಕೀಳುತ್ತವೆ. ಹೆಸರಿನ ಅಕ್ಷರವನ್ನೂ ಬಸವಣ್ಣನನ್ನೂ ತೀರಾ ತುದಿಗೆ ಹಚ್ಚಿದ ಪುಣ್ಯಾತ್ಮ ಯಾರು ಎಂದು ಕೇಳಿದರು. ಪುಣ್ಯಾತ್ಮ ಅಷ್ಟೊತ್ತಿಗೆ ಬಾಗಿಲಿಗೆ ಬಂದು ನಿಂತು ಬೇವಿನ ಮರ ನೋಡುತ್ತಿದ್ದ.

“ನೀ ತುದೀಗಿ ನಿಂತೀದಿ, ಅದಕ್ಕ ನಿನಗ ಗೇಟಿನ ಅರ್ಧ ತೂಕದ ಮ್ಯಾಲ ಸ್ವಲ್ಪ ಬಿದ್ದದ. ನಡುವ ಬಂದ್ರ ಪೂರಾ ತೂಕಕಿಂತ ಹೆಚ್ಚು ಬೀಳತದ. ಅಲ್ಲಿಂದ ಇನ್ನರ್ಧ ದೂರ ಈ ಕಡಿ ಬಂದ್ರ ಎರಡು ಗೇಟಿನಕಿಂತ ಹೆಚ್ಚು. ಬಿಜಾಗರಿ ಬಲ್ಲಿ ಬಂದ್ರ ಊರ ಮಂದಿ ಕೂಡಿದ್ರೂ ಎತ್ತಾಕ ಆಗಂಗಿಲ್ಲ. ನಂಬಿಕಿ ಇಲ್ಲಂದ್ರ ಒಂದೊಂದ ಹೆಜ್ಜಿ ಈ ಕಡಿ ಬಾ,” ಎಂದರು ಮಾಸ್ತರು.

ನಂಬಿಕೆ ಇದೆ ಎಂದೆ.

“ನಂಬಬ್ಯಾಡ ತಮ್ಮಾ. ವಿಜ್ಞಾನದಾಗ ನಂಬಿಕಿ ನಡಿಯಂಗಿಲ್ಲ. ಮಾಡಿ ನೋಡಬೇಕು.”

ಅವರು ಹೆಣ್ಣಿನ ಸೋದರಮಾವ. ಬಾ ಎಂದರೆ ಬರಬೇಕು. ಕಾಲು ಮುಟ್ಟದ ತಪ್ಪು ಆಗಲೇ ತಲೆಯ ಮೇಲಿತ್ತು. ಅವರ ಕಿಸೆಯೊಳಗಿಂದ ಬಸವೇಶ್ವರಿಯ ದನಿ, ಮಾಮಾ ಬ್ಯಾಡ, ಅವರನ್ನ ಸರಸಬ್ಯಾಡ್ರಿ ಎಂದು ಬರುತ್ತಿತ್ತು. ಮಾಸ್ತರಿಗೆ ಕೇಳಲಿಲ್ಲ. ಪಾಠ ಹೇಳುವಾಗ ಅವರಿಗೆ ಏನೂ ಕೇಳುವುದಿಲ್ಲವಂತೆ. ನನಗೆ ಕೇಳಿಸಿತು. ಆದರೆ ಕಿಸೆಯ ಮಾತಿಗಿಂತ ಕಿಸೆಯ ಮಾಲೀಕರ ಮಾತು ದೊಡ್ಡದು.

ಒಂದು ಹೆಜ್ಜೆ ಬಂದೆ, ಚಪ್ಪಲಿ ಮಣ್ಣಿಗೆ ಹೂತಿತು. ಇನ್ನೊಂದು, ಬೆನ್ನು ಕಟಕ್ ಎಂದಿತು. ನೋಡು ನೋಡು, ತೂಕ ಅದೇ, ದೂರ ಕಡಿಮೆ ಎಂದು ಮಾಸ್ತರು ಕೈ ಕುಣಿಸಿದರು. ಜೀನತಬಿ ತನ್ನ ಸ್ಟೂಲನ್ನು ಎತ್ತಿಕೊಂಡು ಕಟ್ಟೆ ಹತ್ತಿದಳು. ದತ್ತಪ್ಪ ಓಡಿಬಂದು ಮೋಟರ್ ಸೈಕಲನ್ನು ಹಿಂದಕ್ಕೆ ಸರಿಸಿದ. ಶಾಲೆ ಕಲಿತವರು ಕಲಿಯದವರು ಎಲ್ಲರಿಗೂ ಮುಂದೆ ಆಗುವುದು ಕಾಣಿಸುತ್ತಿತ್ತು. ನಾನು ಮೂರನೆಯ ಹೆಜ್ಜೆ ಇಟ್ಟೆ.

ಪ್ರಯೋಗ ಯಶಸ್ವಿಯಾಯಿತು. ಗೇಟು ಹೆಗಲಿನಿಂದ ಜಾರಿತು, ಮೇಲಿನ ಬಿಜಾಗರಿ ಕಂಬದ ಅರ್ಧವನ್ನು ಕಿತ್ತುಕೊಂಡು ಬಂತು, ಉಳಿದರ್ಧ ಅದರ ಹಿಂದೆ ತಾನಾಗಿಯೇ ಬಂತು. ಇಟ್ಟಂಗಿಯೆಲ್ಲ ಕಾರಿನ ಹಿಂದಿನ ಗಾಲಿಗೆ ಗುಡ್ಡೆ ಬಿತ್ತು. ಗೇಟು ಕಾರಿನ ಡಿಕ್ಕಿಗೆ ಒರಗಿಕೊಂಡು ನಿಂತಿತು, ಬೆಳಗಿನಿಂದ ನಾನು ನಿಂತಂತೆ.

ಧೂಳು ಇಳಿದ ಮೇಲೆ ಮಾಸ್ತರು ತಲೆಯ ಮೇಲಿನ ಪುಡಿ ಝಾಡಿಸಿಕೊಂಡು, ಈಗ ತಿಳಿಯಿತೇನು ಎಂದು ಕೇಳಿದರು. ತಿಳಿಯಿತ್ರಿ ಎಂದೆ.

ಅಪ್ಪ ಹೊರಗೆ ಬಂದ. ಗೇಟನ್ನು ನೋಡಿದ. ನನ್ನ ಕಡೆ ತಿರುಗಿ ‘ಅವಂಗ ಹೇಳು’ ಅನ್ನಲಿಲ್ಲ. ನೆಟ್ಟಗೆ ಕಾಕಾನ ಮುಖಕ್ಕೇ, ಅಕ್ಷರ ತುದಿಗೆ ಹಚ್ಚು ಎಂದವ ನೀನು ಎಂದ. ಕಾಕಾ, ಒಂದೇ ಕದ ಎಂದಾಗ ತಲೆ ಆಡಿಸಿದವ ನೀನು ಎಂದ. ತೊಗರಿ ರಾಶಿಯಿಂದ ಬಾಕಿ ಉಳಿದ ಮಾತೆಲ್ಲ ಬಂದವು, ನಡುವೆ ನನ್ನ ಅವಶ್ಯಕತೆಯೇ ಬೀಳಲಿಲ್ಲ. ಮಾಸ್ತರು ಇಬ್ಬರನ್ನೂ ಸುಮ್ಮನಿರಿಸಿ, ಇದೇ ಗೇಟನ್ನು ನಡುವೆ ಕೊಯ್ದು ಎರಡು ಕಂಬಕ್ಕೆ ಹಾಕಿರಿ, ತೂಕವೂ ಅರ್ಧ ದೂರವೂ ಅರ್ಧ, ಒಂದೊಂದು ಕಂಬಕ್ಕೆ ಕಾಲು ಭಾಗದ ಟಾರ್ಕ್ ಅಷ್ಟೇ ಬೀಳುತ್ತದೆ ಎಂದರು. ಮನೆ ಎರಡಾದರೆ ಎಂದು ಅಣ್ಣತಮ್ಮ ಇಬ್ಬರೂ ಒಂದೇ ದನಿಯಲ್ಲಿ ಕೇಳಿದರು. ಆ ಲೆಕ್ಕ ನನ್ನ ಪುಸ್ತಕದಲ್ಲಿ ಇರಲಿಲ್ಲ ಎಂದರು ಮಾಸ್ತರು. ಎಲ್ಲರೂ ಆಯಿಯನ್ನು ಹುಡುಕಿದರು. ಆಯಿ ಅಡುಗೆಮನೆಗೆ ಹೋಗಿದ್ದಳು.

ಸುಮಿತ್ರಾಬಾಯಿ ಮಾತ್ರ ಹೊರಟು ನಿಂತಿದ್ದರು. ಹುಡುಗ ಬೆಳಗಿನಿಂದ ಮಾಡಿದ್ದು ಏನೆಂದು ಅವರಿಗೂ ತಿಳಿದಿತ್ತು. ಆದರೆ ಒಂದು ಗೇಟಿಗಾಗಿ ಮೂವರು ಮೂರು ಸುಳ್ಳು ಹೇಳಿದ ಮನೆ ಇದು. ಮಗಳನ್ನು ಕೊಟ್ಟ ಮೇಲೆ ಇನ್ನೆಷ್ಟು ಹೇಳುತ್ತಾರೆ ಎಂದರು. ನಾನು ತಲೆ ತಗ್ಗಿಸಿದೆ. ಈಗ ತಗ್ಗಿಸಲು ಅಡ್ಡಿಯೇನೂ ಇರಲಿಲ್ಲ.

ಡ್ರೈವರ್ ಬಂದ, ತಂಗಿಯ ಮನೆಯಲ್ಲಿ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು. ಮುಂದೆ ಟ್ರ್ಯಾಕ್ಟರ್, ಹಿಂದೆ ಕಂಬ, ಅದರ ಮೇಲೆ ಕಲ್ಲಿನಾಥ ನಿಲಯ. ಇಟ್ಟಂಗಿ ಎತ್ತಿ, ಗೇಟು ಸರಿಸಿ, ಕಾರು ಹೊರಗೆ ತೆಗೆಯಲು ಸಂಜೆಯಾಗುತ್ತದೆ ಎಂದ. ಬಿಸಿಲು ನೆತ್ತಿಗೆ ಬಂದಿತ್ತು. ಸುಮಿತ್ರಾಬಾಯಿ ಒಂದಿಷ್ಟು ಹೊತ್ತು ಕಾರಿನ ಪಕ್ಕ ನಿಂತರು, ಆಮೇಲೆ ಪಡಸಾಲೆಗೆ ಹೋಗಿ ಕೂತರು. ಆಯಿ ಅದೇ ತಾಟು ತಂದು ಮುಂದಿಟ್ಟಳು, ಬಿಸಿ ಹೋಳಿಗೆಯ ಮೇಲೆ ತುಪ್ಪ ಸುರಿದಳು.

“ಹಸಿವಾಗೇದಂತ ಉಣ್ಣಾಕತ್ತೇನಿ. ಬ್ಯಾರೆ ಏನೂ ತಿಳಕೋಬ್ಯಾಡ್ರಿ,” ಎಂದರು ಸುಮಿತ್ರಾಬಾಯಿ.

ಆಯಿ ಇನ್ನೊಂದು ಚಮಚ ತುಪ್ಪ ಸುರಿದಳು.

ಒಳಗೆ ಎಲ್ಲರೂ ಊಟಕ್ಕೆ ಕೂತರು. ಮಾಸ್ತರು, ಅಪ್ಪ, ಕಾಕಾ, ಕೊನೆಗೆ ದತ್ತಪ್ಪನೂ. ಡ್ರೈವರ್ ತನ್ನದು ಆಗಿದೆ ಎಂದು ಬೇವಿನ ನೆರಳಿಗೆ ಮಲಗಿದ. ನಾನು ಹೊರಗೆ ಒಬ್ಬನೇ ಇಟ್ಟಂಗಿ ಎತ್ತಿ ಗೋಡೆಗೆ ಜೋಡಿಸುತ್ತಿದ್ದೆ. ಕರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಬೆಳಗಿನಿಂದ ಗೇಟಿನ ಭಾಗವಾಗಿದ್ದೆನಲ್ಲ, ಗೇಟನ್ನು ಯಾರು ಊಟಕ್ಕೆ ಕರೆಯುತ್ತಾರೆ. ನನಗೆ ಎಂಥ ಸಿಟ್ಟು ಬಂದಿತ್ತೆಂದರೆ, ಇಟ್ಟಂಗಿಗಳನ್ನು ಬಹಳ ನೀಟಾಗಿ ಜೋಡಿಸಿದೆ.

ಮಾಸ್ತರ ಕಿಸೆಯಲ್ಲಿ ಫೋನು ಮತ್ತೆ ಬಡಿಯಿತು, ಮತ್ತೆ ವಿಡಿಯೋ ಕಾಲ್. ಅವರ ಕೈ ಎಂಜಲಾಗಿತ್ತು. ಎಡಗೈಯಿಂದ ತೆಗೆದು, ಎಲ್ಲರಿಗೂ ಕೇಳುವಂತೆ ಇಟ್ಟು, ನಡುವೆ ಚಾಪೆಯ ಮೇಲೆ ನಿಲ್ಲಿಸಿದರು. ಹುಡುಗಿ ಈಗ ಮನೆಯ ಬಗ್ಗೆ ಕೇಳುತ್ತಾಳೆ, ಕಂಬದ ಬಗ್ಗೆ ಕೇಳುತ್ತಾಳೆ, ಸುಳ್ಳಿನ ಬಗ್ಗೆ ಕೇಳುತ್ತಾಳೆ. ಏನು ಹೇಳಬೇಕೆಂದು ಅಪ್ಪ ಕಾಕಾನ ಮುಖ ನೋಡಿದ. ನಾನು ಕಿಟಕಿಯ ಹೊರಗೆ ಇಟ್ಟಂಗಿ ಹಿಡಿದುಕೊಂಡು ನಿಂತೆ.

“ಎಲ್ಲಾರೂ ಉಣ್ಣಾಕತ್ತೀರಲ್ಲ,” ಎಂದಳು ಬಸವೇಶ್ವರಿ. “ಅವರು ಉಂಡ್ರೇನು?”

ಸುಮಿತ್ರಾಬಾಯಿಯ ಕೈ ತಾಟಿನಲ್ಲೇ ನಿಂತಿತು. ಅವರು ಫೋನನ್ನು ನೋಡಿದರು, ಆಮೇಲೆ ತಮ್ಮ ತಾಟನ್ನು ನೋಡಿದರು. ಸ್ವಲ್ಪ ಸರಿದು, ಚಾಪೆಯ ಮೇಲೆ ತಮ್ಮ ಪಕ್ಕ ಒಬ್ಬರು ಕೂಡುವಷ್ಟು ಜಾಗ ಮಾಡಿ, ಕಿಟಕಿಯ ಕಡೆ ತಿರುಗಿದರು.

“ಅದನ್ನ ಅಲ್ಲೇ ಬಿಡ್ರಿ,” ಎಂದರು. “ಕೈ ತೊಳಕೊಂಡು ಬರ್ರಿ, ಹೋಳಿಗಿ ಆರತಾವ.”